ಬೆಳೆದ ಬೈಗುಳ

ಎಲ್ಡನ್ ಓಸ್ಟ್ರಮ್ ತನ್ನ ನಲವತ್ತು ವರ್ಷದ ಬಾಳಿನಲ್ಲಿ ಯಾರನ್ನಾದರೂ ಬೈದದ್ದು ಒಂದೇ ಒಂದು ಸಲ. ಅದೂ ಬಾಯಲ್ಲಿ ಅಲ್ಲ, ಮೊಳೆಯಲ್ಲಿ. ಅದೂ ಯಾರ ಎದುರಿಗೂ ಅಲ್ಲ, ನಿಂಬೆಹಣ್ಣಿನಷ್ಟಿದ್ದ ಒಂದು ಎಳೆ ಕುಂಬಳಕಾಯಿಯ ಮೇಲೆ. ಕಾಯಿ ಎಂದಮೇಲೆ ಬೆಳೆಯುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೇ ಎಂದರೆ, ಚೆನ್ನಾಗಿಯೇ ಗೊತ್ತಿತ್ತು. ಅವನು ಶಾಲೆಯ ಕೃಷಿ ಮೇಷ್ಟ್ರು.

ಶಾಲೆಯ ಹಿಂದಿನ ಹೊಲದಲ್ಲಿ ಮಕ್ಕಳು ಕುಂಬಳ ಬೆಳೆದು ಮಾರುವುದು, ಬಂದ ಹಣದಲ್ಲಿ ಕೃಷಿ ತರಗತಿಗೆ ಬೀಜ, ಗೊಬ್ಬರ, ಸಲಕರಣೆ ಕೊಳ್ಳುವುದು ಆ ಊರಿನ ರೂಢಿ. ಕೊಳ್ಳುವವರು ಬೇಸಿಗೆಯಲ್ಲೇ ಬಂದು ಹೆಸರು ಹೇಳಿ ಹೋಗುತ್ತಿದ್ದರು. ಜುಲೈಯಲ್ಲಿ ಕಾಯಿ ಇನ್ನೂ ಹಸಿರಾಗಿ ಪುಟ್ಟದಾಗಿರುವಾಗ ಮಕ್ಕಳು ಒಂದೊಂದರ ಮೇಲೂ ಮೊಳೆಯ ತುದಿಯಿಂದ ಒಬ್ಬೊಬ್ಬರ ಹೆಸರು ಗೀರುತ್ತಿದ್ದರು. ಗೀರಿದ ಗಾಯ ಮಾಯ್ದು ಗಟ್ಟಿ ಕಲೆಯಾಗುತ್ತಿತ್ತು. ಕಾಯಿ ಊದಿದಂತೆ ಕಲೆಯೂ ಊದುತ್ತಿತ್ತು. ಅಕ್ಟೋಬರಿನಲ್ಲಿ ಬಂದು ನೋಡಿದರೆ ಹೆಸರು ಕಾಯಿಯ ಹುಟ್ಟುಮಚ್ಚೆಯಂತೆ ಉಬ್ಬಿ ನಿಂತಿರುತ್ತಿತ್ತು. ಅಂಗಡಿಯಲ್ಲಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಊರವರು ಶಾಲೆಯ ಕುಂಬಳವನ್ನೇ ಕಾಯುತ್ತಿದ್ದುದು ಇದಕ್ಕಾಗಿ.

ಆ ಜುಲೈಯ ಒಂದು ಮಧ್ಯಾಹ್ನ ಶಾಲಾ ಮಂಡಳಿಯ ಅಧ್ಯಕ್ಷೆ ಹುಲ್ಡಾ ವಿಕ್‌ಸ್ಟ್ರಮ್ ಮೇಡಂ ಹಸಿರುಮನೆ ನೋಡಲು ಬಂದಿದ್ದರು. ಅದರ ಮಾಡಿನ ಪ್ಲಾಸ್ಟಿಕ್ ಹಾಳೆ ಹರಿದು ಚಿಂದಿಯಾಗಿ ಗಾಳಿಗೆ ಪಟಪಟ ಅನ್ನುತ್ತಿತ್ತು. ಹೊಸದೊಂದು ಹಸಿರುಮನೆ ಕಟ್ಟಿಸಿಕೊಡಿ ಎಂದು ಎಲ್ಡನ್ ಕೇಳುತ್ತಿದ್ದುದು ಅದು ಮೂರನೇ ವರ್ಷ. ಮೇಡಂ ತಲೆ ಎತ್ತಿ ತೂತಿನಿಂದ ಆಕಾಶ ನೋಡಿದರು.

"ಮಳೆ ನೇರವಾಗಿ ಗಿಡಕ್ಕೇ ಬೀಳುತ್ತೆ. ನೀರು ಹಾಕೋ ಕೆಲಸ ಉಳೀತಲ್ಲ ಮೇಷ್ಟ್ರೇ" ಎಂದರು. ಆಮೇಲೆ ಕೈಚೀಲ ಹೆಗಲಿಗೇರಿಸುತ್ತ, "ಅಷ್ಟಕ್ಕೂ ಈ ಕೃಷಿ ತರಗತಿ ಬೇಕೋ ಬೇಡವೋ ಅಂತಲೇ ಮಂಡಳಿಯಲ್ಲಿ ಎಳೆದಾಟ ನಡೀತಿದೆ. ಅರ್ಧ ಜನ ಬೇಕು ಅಂತಾರೆ, ಅರ್ಧ ಜನ ಬೇಡ ಅಂತಾರೆ. ಅಕ್ಟೋಬರಲ್ಲಿ ನಿಮ್ಮ ಮಾರಾಟದ ದಿನ ಸಂಜೆ ತೀರ್ಮಾನ. ಕೊನೇ ವೋಟು ನನ್ನದು" ಎಂದು ಹೇಳಿ, ಬೇಲಿಯಾಚೆಯೇ ಇದ್ದ ತಮ್ಮ ಮನೆಗೆ ನಡೆದರು.

"ಥ್ಯಾಂಕ್ಸ್ ಮೇಡಂ" ಎಂದ ಎಲ್ಡನ್. ಕಾಲು ತುಳಿದ ಹಸುವಿಗೂ ಕ್ಷಮಿಸು ಎನ್ನುವ ಪ್ರಾಣಿ ಅವನು.

ಆದರೆ ಒಳಗೆ ಒಲೆಯ ಮೇಲಿಟ್ಟು ಮರೆತ ಹಾಲಿನಂತೆ ಏನೋ ಉಕ್ಕಿ ಬಂತು. ಬೇಲಿಯ ಮೂಲೆಗೆ ಹೋದ. ಅಲ್ಲಿ ಮಕ್ಕಳು ಆಸೆಯಿಂದ ದೈತ್ಯ ಜಾತಿಯ ಬೀಜ ಊರಿದ್ದರು. ಎದ್ದದ್ದು ಒಂದೇ ಬಳ್ಳಿ, ಅದೂ ಸೊರಗಿ ಮಲಗಿತ್ತು. ಅದರಲ್ಲಿ ಇವತ್ತೋ ನಾಳೆಯೋ ಉದುರುವಂತೆ ಒಂದು ಪುಟ್ಟ ಕಾಯಿ. ಎಲ್ಡನ್ ಮಂಡಿಯೂರಿ ಕುಳಿತು, ಜೇಬಿನಿಂದ ಮೊಳೆ ತೆಗೆದು, ನಾಲಿಗೆಯ ತುದಿ ಕಚ್ಚಿಕೊಂಡು, ಅದರ ಮೇಲೆ ಎರಡೇ ಪದ ಗೀರಿದ: "ಹುಲ್ಡಾ ಹೇಸರಗತ್ತೆ." ಜ್ವರ ಬಿಟ್ಟಂತಾಯಿತು. ಕೈ ಒರೆಸಿಕೊಂಡು ಮನೆಗೆ ಹೋಗಿ ಹಾಯಾಗಿ ಊಟ ಮಾಡಿ, ಅದನ್ನು ಮರೆತುಬಿಟ್ಟ.

ಮಾರಾಟದ ದಿನ ಬೆಳಿಗ್ಗೆ ಅವನು ಶಾಲೆಯ ಅಂಗಳದಲ್ಲಿ ಮೇಜಿಗೆ ಬಟ್ಟೆ ಹಾಸುತ್ತಿದ್ದಾಗ ಟೆಸ್ಸಾ ಓಡಿ ಬಂದಳು. ಕೃಷಿ ತರಗತಿಯ ಮಕ್ಕಳಿಗೆಲ್ಲ ಅವಳೇ ನಾಯಕಿ. ನಡೆಯುವುದು ಅವಳಿಗೆ ಗೊತ್ತಿರಲಿಲ್ಲ, ಎಲ್ಲಿಗೂ ಓಟವೇ.

"ಮೇಷ್ಟ್ರೇ! ರಾತ್ರಿ ಹಿಮ ಬಿದ್ದು ಎಲೆಯೆಲ್ಲ ಕರಕಲಾಗಿದೆ. ಬೇಲಿ ಮೂಲೇಲಿ ಒಂದು ಕಾಯಿ ಕಾಣಿಸ್ಕೊಂಡಿದೆ ನೋಡಿ, ಕಾಯಲ್ಲ ಅದು, ರಾಕ್ಷಸ! ಗಸ್ ಅದರ ಹಿಂದೆ ಕೂತ್ರೆ ಅವನು ಕಾಣಲ್ಲ!"

ಗಸ್ ಆ ತರಗತಿಯ ಅತಿ ದಪ್ಪ ಹುಡುಗ. ಎಲ್ಡನ್ ಕೈಯಲ್ಲಿದ್ದ ಬಟ್ಟೆ ಜಾರಿತು.

"ಯಾವ ಮೂಲೆ?"

"ಹುಲ್ಡಾ ಮೇಡಂ ಮನೆ ಕಡೇದು. ಅದರ ಮೇಲೆ ಏನೋ ಹೆಸರೂ ಇದೆ ಮೇಷ್ಟ್ರೇ. ಮಣ್ಣು ಮೆತ್ಕೊಂಡಿದೆ, ಮೊದಲನೇ ಅಕ್ಷರ 'ಹು' ಇರ್ಬೇಕು. ಹುಲ್ಡಾ ಮೇಡಂದೇ ಆರ್ಡರ್ ಅಲ್ವಾ? ಅವರು ಬಂದ ತಕ್ಷಣ ಎದುರಿಗೇ ಇರ್ಲಿ ಅಂತ ಗೇಟಿನ ಹತ್ರ ತಂದಿಟ್ಟಿದೀವಿ."

ಹೌದು, ತಂದಿಟ್ಟಿದ್ದರು. ಮಕ್ಕಳು ಟಾರ್ಪಾಲಿನಲ್ಲಿ ಉರುಳಿಸಿ, ಉಸ್ಸಪ್ಪಾ ಎಂದು ಚಪ್ಪಟೆ ಗಾಡಿಯ ಮೇಲೇರಿಸಿ, ಅದನ್ನು ಗೇಟಿನ ಪಕ್ಕಕ್ಕೆ ಎಳೆದು ತಂದಿದ್ದರು. ಮಲಗಿದ ಕರುವಿನಷ್ಟಿತ್ತು ಅದು. ಉರುಳಿಸುವಾಗ ಒಂದು ಬದಿಗೆ ಹೊಲದ ಮಣ್ಣು ಗಾರೆಯಂತೆ ಅಂಟಿತ್ತು. ಮಣ್ಣಿನಡಿಯಲ್ಲಿ ಅಂಗೈಯಷ್ಟಗಲದ ಅಕ್ಷರಗಳು ಹೊದಿಕೆಯೊಳಗೆ ಮಲಗಿದ ಮಕ್ಕಳಂತೆ ಉಬ್ಬುಬ್ಬಾಗಿ ಕಾಣುತ್ತಿದ್ದವು. ಗಸ್ ನೀರಿನ ಪೈಪು ಹಿಡಿದು ನಿಂತಿದ್ದ.

"ನೀರು ಬಿಡ್ಲಾ ಮೇಷ್ಟ್ರೇ?"

"ಬೇಡ!" ಎಲ್ಡನ್ ಕೂಗಿದ ರಭಸಕ್ಕೆ ಕಂಬದ ಮೇಲಿದ್ದ ಪಾರಿವಾಳ ಎದ್ದಿತು. "ನೀರು ತಾಗಿದ್ರೆ ಕೊಳೆಯುತ್ತೆ."

"ಹೋದ ವರ್ಷ ನೀವೇ ಎಲ್ಲಾನೂ ತೊಳೆಸಿದ್ರಲ್ಲ?" ಎಂದಳು ಟೆಸ್ಸಾ.

"ಅದು... ಸಣ್ಣ ಕಾಯಿ. ದೊಡ್ಡದಕ್ಕೆ ಬೇರೆ ವಿಧಾನ. ನಾನೇ ತೊಳೀತೀನಿ. ಅಡುಗೆಮನೆ ಹಿಂದೆ. ಬಿಸಿನೀರಲ್ಲಿ. ಒಬ್ಬನೇ."

ಮಕ್ಕಳು ಮುಖ ಮುಖ ನೋಡಿಕೊಂಡರು. ಎಲ್ಡನ್ ಗಾಡಿಯ ಹಿಡಿ ಹಿಡಿದು ಎಳೆಯತೊಡಗಿದ. ಅಂಗಳ ಅಡುಗೆಮನೆಯ ಕಡೆಗೆ ಇಳಿಜಾರು ಎಂಬುದು ಅವನಿಗೆ ನೆನಪಾದದ್ದು ಅರ್ಧ ದಾರಿಯಲ್ಲಿ. ಅಲ್ಲಿಯವರೆಗೆ ಅವನು ಗಾಡಿಯನ್ನು ಎಳೆಯುತ್ತಿದ್ದ. ಅಲ್ಲಿಂದ ಮುಂದೆ ಗಾಡಿ ಅವನನ್ನು ಅಟ್ಟಿಸಿಕೊಂಡು ಬಂತು. ಕುಂಬಳ ಮುಂದಾಗುವುದೋ ತಾನು ಮುಂದಾಗುವುದೋ ಎಂದು ಎಲ್ಡನ್ ಬಿದ್ದು ಬಿದ್ದು ಓಡಿದ. ಕೊನೆಗೆ ಗಾಡಿ ಅಡುಗೆಮನೆಯ ಹಿಂಬಾಗಿಲಿಗೆ ಢಂ ಎಂದು ಬಡಿದು ನಿಂತಿತು. ಆ ಪೆಟ್ಟಿಗೆ ಮಣ್ಣೆಲ್ಲ ಒಂದೇ ಚಕ್ಕೆಯಾಗಿ ಕಳಚಿ ಬಿತ್ತು.

ಬಾಗಿಲು ತೆಗೆದವಳು ಅಡುಗೆಯ ಡಾರ್ಲೀನ್. ಕೈಯಲ್ಲಿ ಸೌಟು. ಮಾರಾಟಕ್ಕೆ ಬಂದವರಿಗೆ ಕೊಡಲು ಕುಂಬಳದ ಸೂಪು ಕಾಯಿಸುತ್ತಿದ್ದಳು. ಅವಳು ಮೊದಲು ಎಲ್ಡನ್‌ನನ್ನು ನೋಡಿದಳು, ಆಮೇಲೆ ಕಾಯಿಯನ್ನು ನೋಡಿದಳು, ಆಮೇಲೆ ತುಟಿ ಅಲ್ಲಾಡಿಸುತ್ತ ಓದಿದಳು. ಓದಿ ಮುಗಿಸಿ ಸೌಟನ್ನು ಬಾಯಿಗೆ ಅಡ್ಡ ಹಿಡಿದಳು. ಆದರೂ ನಗು ಮೂಗಿನಿಂದ ಬಂತು.

"ಅಯ್ಯೋ ನನ್ನಪ್ಪಾ, ಇಷ್ಟು ದಪ್ಪಕ್ಷರದಲ್ಲಾ!"

"ಸಣ್ಣಕ್ಷರದಲ್ಲೇ ಬರೆದಿದ್ದೆ ಡಾರ್ಲೀನ್" ಎಂದ ಎಲ್ಡನ್ ಅಳುದನಿಯಲ್ಲಿ. "ಅದು ಬೆಳೆದುಬಿಡ್ತು."

"ನೀನು ಬರೆದಿದ್ದಾ? ನೀನಾ? ವರ್ನ್! ಏ ವರ್ನ್! ಇಲ್ಲಿ ಬಾ, ಸ್ವಲ್ಪ ನೋಡು ಇದನ್ನ!"

"ಕೂಗ್ಬೇಡಿ ಡಾರ್ಲೀನ್, ನಿಮ್ಮ ದಮ್ಮಯ್ಯ" ಎನ್ನುವಷ್ಟರಲ್ಲಿ ಶಾಲೆಯ ಬಸ್ಸು ಓಡಿಸುವ ವರ್ನ್ ಅಡುಗೆಮನೆಯೊಳಗಿಂದಲೇ ಬಂದ. ರಜೆಯ ದಿನವೂ ಅವನು ಡಾರ್ಲೀನಳ ಒಲೆಯ ಪಕ್ಕದಲ್ಲಿ ಕಾಫಿ ಹಿಡಿದು ಕೂತಿರುತ್ತಿದ್ದ. ಓದಿದ. ಟೋಪಿ ತೆಗೆದ.

"ನಿನ್ನ ಕತೆ ಮುಗೀತು ಕಣಯ್ಯಾ ಮೇಷ್ಟ್ರೇ. ಇವತ್ತು ಸಂಜೆನೇ ಅಲ್ವಾ ವೋಟು?"

"ಇವತ್ತು ಸಂಜೆನೇ."

"ಹುಲ್ಡಾ ಮೇಡಂ ಎಷ್ಟೊತ್ತಿಗೆ ಬರೋದು?"

"ಇನ್ನೇನು ಬರೋ ಹೊತ್ತು. ಅವರು ಬಂದಮೇಲೇ ಮಾರಾಟ ಶುರು. ತರಗತಿ ಹೋದ್ರೆ ನಾನು ಎಲ್ಲಾದ್ರೂ ಹೋಗಿ ಲೆಕ್ಕದ ಪಾಠ ಹೇಳ್ಕೊಂಡು ಬದುಕ್ತೀನಿ ವರ್ನ್. ಆ ಮಕ್ಕಳು? ಟೆಸ್ಸಾ ಈ ಹೊಲಕ್ಕೋಸ್ಕರಾನೇ ಬೆಳಿಗ್ಗೆ ಶಾಲೆಗೆ ಓಡಿ ಬರೋದು. ನನ್ನ ಎರಡು ಪದದಿಂದ ಅವರ ಹೊಲ ಹೋಗುತ್ತೆ."

ಇದನ್ನು ಕೇಳಿ ಡಾರ್ಲೀನ್ ನಗು ನಿಲ್ಲಿಸಿದಳು. ಸೌಟನ್ನು ಸೊಂಟಕ್ಕೆ ಸಿಕ್ಕಿಸಿದಳು. ಊರಿನ ಯಾರ ಕಷ್ಟವನ್ನೂ ಅವಳು ಕೈಕಟ್ಟಿ ನೋಡಿದವಳಲ್ಲ. ಅವಳು ಕೈ ಹಾಕಿದ ಮೇಲೆ ಕಷ್ಟ ಕಡಿಮೆಯಾದದ್ದನ್ನೂ ಯಾರೂ ನೋಡಿರಲಿಲ್ಲ.

"ಅಳಿಸೋಕೆ ಆಗಲ್ಲ, ಸರಿ. ಸೇರಿಸೋಕೆ ಆಗುತ್ತಲ್ಲ?" ಎಂದಳು. "ಇನ್ನೊಂದು ಪದ ಸೇರಿಸು. 'ಹುಲ್ಡಾ ಹೇಸರಗತ್ತೆ ಅಲ್ಲ' ಅಂತ ಮಾಡು. ಮುಗೀತು."

ಮುಳುಗುವವನಿಗೆ ಸೌಟೂ ಹಡಗಾಗಿ ಕಂಡಿತು. ಎಲ್ಡನ್ ಮೊಳೆ ತೆಗೆದು ಸರಸರನೆ "ಅಲ್ಲ" ಎಂದು ಗೀರಿದ. ಮೂವರೂ ಹಿಂದೆ ಸರಿದು ನೋಡಿದರು.

"ಇದು ಇನ್ನೂ ಕೆಟ್ಟದಾಯ್ತು" ಎಂದ ವರ್ನ್. "ಅಲ್ಲ ಅಂತ ಇಷ್ಟು ದೊಡ್ಡದಾಗಿ ಬರೆದಿದಾರೆ ಅಂದ್ರೆ, ಹೌದು ಅಂತ ಯಾರೋ ಅಂದಿದಾರೆ ಅಂತಾಯ್ತಲ್ಲ? ಜನ ಯಾರು ಅಂದಿದ್ದು ಅಂತ ಕೇಳ್ತಾರೆ."

"ಅದೂ ಅಲ್ದೆ ಹೊಸ ಪದ ಹಸಿ ಹಸಿಯಾಗಿ ನೀರು ಸುರಿಸ್ತಿದೆ" ಎಂದ ಎಲ್ಡನ್. "ಹಳೇದು ಮಾಯ್ದು ಮರದಂಗಾಗಿದೆ. ಯಾವುದು ಜುಲೈದು, ಯಾವುದು ಇವತ್ತಿಂದು ಅಂತ ಕುರುಡರಿಗೂ ಗೊತ್ತಾಗುತ್ತೆ."

"ಹಂಗಾದ್ರೆ ಮುಚ್ಚಿಬಿಡೋಣ, ಅದಕ್ಯಾಕೆ ಇಷ್ಟು ಚಿಂತೆ" ಎಂದವಳೇ ಡಾರ್ಲೀನ್ ಒಳಗೆ ಹೋಗಿ ಒಂದು ದೊಡ್ಡ ಬೋಗುಣಿ ತಂದಳು. ಅದರ ತುಂಬ ಕೇಕಿನ ಮೇಲೆ ಬಳಿಯುವ ಸಕ್ಕರೆ ಕ್ರೀಮು, ಕಿತ್ತಳೆ ಬಣ್ಣದ್ದು. ಮಧ್ಯಾಹ್ನ ಮಕ್ಕಳ ಕೇಕಿಗೆಂದು ಕಲಸಿಟ್ಟದ್ದು. ಅಗಲ ಅಲಗಿನ ಚಾಕುವಿನಿಂದ ಅಕ್ಷರಗಳ ಮೇಲೆ ಮೆತ್ತಿ, ಗೋಡೆಗೆ ಸುಣ್ಣ ಬಳಿಯುವವಳಂತೆ ನುಣ್ಣಗೆ ಎಳೆದಳು. ಕಾಯಿಯ ಬಣ್ಣ, ಕ್ರೀಮಿನ ಬಣ್ಣ ಒಂದೇ. ಉಬ್ಬು ತಗ್ಗೆಲ್ಲ ಸಮವಾಯಿತು. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಹುಲ್ಡಾನೂ ಇಲ್ಲ, ಹೇಸರಗತ್ತೆಯೂ ಇಲ್ಲ.

ಎಲ್ಡನ್‌ಗೆ ಕಣ್ಣಲ್ಲಿ ನೀರು ಬಂತು. "ಡಾರ್ಲೀನ್, ನೀವು ದೇವತೆ."

"ನನ್ನ ಗಂಡನಿಗೆ ಹೇಳು ಅದನ್ನ" ಎಂದಳು ಡಾರ್ಲೀನ್.

ಅಷ್ಟರಲ್ಲಿ ಬಿಸಿಲೇರಿತ್ತು. ರಾತ್ರಿಯ ಚಳಿಗೆ ಮುದುರಿ ಕೂತಿದ್ದ ಕಣಜಗಳು ಮೈ ಬಿಚ್ಚಿಕೊಂಡು ಎದ್ದವು. ಅಕ್ಟೋಬರಿನ ಕಣಜಕ್ಕೆ ಸಕ್ಕರೆಯ ವಾಸನೆ ಮೈಲಿ ದೂರದಿಂದ ಗೊತ್ತಾಗುತ್ತದೆ. ಮೊದಲು ಒಂದು ಬಂತು. ಅದು ಹೋಗಿ ಬಳಗಕ್ಕೆಲ್ಲ ಹೇಳಿತೋ ಏನೋ, ನೋಡನೋಡುತ್ತಿದ್ದಂತೆ ಒಂದು ಹಿಂಡು ಬಂತು. ನುಣ್ಣಗೆ ತೆಳುವಾಗಿ ಬಳಿದ ಕಡೆ ಅವು ಕೂರಲಿಲ್ಲ. ಅಕ್ಷರಗಳ ಪಕ್ಕದ ಸಂದಿಗಳಲ್ಲಿ ಕ್ರೀಮು ದಪ್ಪವಾಗಿ ತುಂಬಿತ್ತಲ್ಲ, ಅಲ್ಲಿ ಸಾಲಾಗಿ ಕೂತವು. ಒಂದರ ಹಿಂದೆ ಒಂದು, ಅಚ್ಚುಕಟ್ಟಾಗಿ, ಕಾಪಿ ಬರೆಯುವ ಮಕ್ಕಳಂತೆ.

ಮೂವರೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಂತೆ ಕುಂಬಳದ ಮೇಲೆ ಜೀವಂತ ಅಕ್ಷರಗಳಲ್ಲಿ, ಹಳದಿ ಕಪ್ಪು ಪಟ್ಟೆಯಲ್ಲಿ, ಗುಂಯ್‌ಗುಡುತ್ತ ಮೂಡಿತು: "ಹುಲ್ಡಾ ಹೇಸರಗತ್ತೆ ಅಲ್ಲ."

"ಈಗ ಓದೋದಷ್ಟೇ ಅಲ್ಲ, ಕೇಳಿಸೋಕೂ ಶುರುವಾಯ್ತು" ಎಂದ ವರ್ನ್.

ಡಾರ್ಲೀನ್ ಒರೆಸುವ ಬಟ್ಟೆ ಬೀಸಿದಳು. ಕಣಜಗಳು ಎದ್ದು, "ಅಲ್ಲ" ಎಂಬುದನ್ನು ಬಿಟ್ಟು, ಉಳಿದ ಎರಡು ಪದಗಳ ಮೇಲೆ ಮತ್ತೆ ಕೂತವು.

ಅಂಗಳದ ಕಡೆಯಿಂದ ಟೆಸ್ಸಾಳ ದನಿ ಕೇಳಿತು: "ಮೇಷ್ಟ್ರೇ! ಜನ ಬಂದಾಯ್ತು. ಹುಲ್ಡಾ ಮೇಡಂ ಗೇಟಿನ ಹತ್ರ ಬಂದ್ರು. ಪಿಕಪ್ ಟ್ರಕ್ಕಲ್ಲಿ ಬಂದಿದಾರೆ! ರಾಕ್ಷಸ ಎಲ್ಲಿ ಅಂತ ಕೇಳ್ತಿದಾರೆ! ಬರ್ತೀವಿ, ನಾವೇ ಎಳ್ಕೊಂಡು ಹೋಗ್ತೀವಿ!"

ಮಕ್ಕಳ ಹೆಜ್ಜೆಗಳ ದಡದಡ ಸದ್ದು ಹತ್ತಿರವಾಯಿತು. ಎಲ್ಡನ್ ಅಡುಗೆಮನೆಗೆ ನುಗ್ಗಿ ಬ್ರೆಡ್ಡು ಕೊಯ್ಯುವ ಗರಗಸದಂಥ ಚಾಕು ಎಳೆದುಕೊಂಡು ಬಂದ. ಕಣ್ಣು ಮುಚ್ಚಿದ. ಕಣಜಗಳ ನಡುವೆಯೇ ಚಾಕು ಇಳಿಸಿದ. ಒಂದು ಕಣಜ ಕಿವಿಗೆ ಕುಟುಕಿತು, ಇನ್ನೊಂದು ಮೂಗಿಗೆ ಕುಟುಕಿತು. ಅವನು ಬಿಡಲಿಲ್ಲ. ಹೇಸರಗತ್ತೆಯ ಹಟ ಎಂದರೆ ಅದು. ಕರಕರ ಕರಕರ ಎಂದು ಕೊಯ್ದು ಕೊಯ್ದು, ಬರಹವಿದ್ದ ಭಾಗವನ್ನು ಇಡಿಯಾಗಿ ಹಲಗೆಯಂತೆ ಕಿತ್ತು ಡಾರ್ಲೀನಳ ಕೈಗೆಸೆದ. ಡಾರ್ಲೀನ್ ಹಿಂದೆ ಮುಂದೆ ನೋಡದೆ ಅದನ್ನು ಒಡೆದು, ಕ್ರೀಮು ಸಮೇತ ಕುದಿಯುವ ಸೂಪಿಗೆ ಹಾಕಿ ಮುಚ್ಚಳ ಮುಚ್ಚಿದಳು. ಎಲ್ಡನ್ ಉಳಿದ ತೂತಿಗೆ ನಾಲ್ಕು ಹಲ್ಲು ಕೆತ್ತಿದ, ಮೇಲೆ ಎರಡು ಕಣ್ಣು ಕೊರೆದ. ಮಕ್ಕಳು ಮೂಲೆ ತಿರುಗಿ ಬರುವ ಹೊತ್ತಿಗೆ ಕುಂಬಳಕಾಯಿ ಕಿವಿಯಿಂದ ಕಿವಿಗೆ ನಗುತ್ತ ಕೂತಿತ್ತು. ಅದರ ಪಕ್ಕದಲ್ಲಿ ಎಲ್ಡನ್, ಮೊಣಕೈವರೆಗೆ ತಿರುಳು, ಮೂಗು ಟೊಮೇಟೊ ಆಗಿ, ತಾನೂ ನಗುತ್ತ ನಿಂತಿದ್ದ.

"ಕುಂಬಳಕ್ಕೆ ಮುಖ ಕೆತ್ತೋ ಹಬ್ಬ ಬರ್ತಿದೆಯಲ್ಲ" ಎಂದ. "ನಿಮಗೆ ಖುಷಿ ಆಗ್ಲಿ ಅಂತ."

ಓಡಿ ಬರುತ್ತಿದ್ದ ಟೆಸ್ಸಾ ಗಕ್ಕನೆ ನಿಂತಳು. ಅವಳು ನಿಂತದ್ದನ್ನು ಎಲ್ಡನ್ ಮೊದಲ ಸಲ ನೋಡಿದ್ದು ಆಗಲೇ.

ಮಕ್ಕಳು ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದರು. ಅರ್ಧ ಊರು ನೆರೆದಿತ್ತು. ತಂತಮ್ಮ ಹೆಸರಿನ ಕುಂಬಳ ಹುಡುಕುವವರು, ಮೊಮ್ಮಕ್ಕಳನ್ನು ಕಾಯಿಯ ಮೇಲೆ ಕೂರಿಸಿ ಫೋಟೋ ತೆಗೆಯುವವರು. ನಡುವೆ ಹುಲ್ಡಾ ಮೇಡಂ, ಕೆಂಪು ಕೋಟು, ಗದ್ದದ ಕೆಳಗೆ ಗಂಟು ಕಟ್ಟಿದ ಸ್ಕಾರ್ಫು. ಅವರು ನಗುತ್ತಲೇ ಮುಂದೆ ಬಂದರು. ಕುಂಬಳದ ಮುಖ ನೋಡಿದರು. ಕುಂಬಳ ನಗುತ್ತಲೇ ಇತ್ತು, ಮೇಡಂ ನಗು ನಿಂತಿತು.

"ಯಾರು ಕೊರೆದಿದ್ದು ಇದನ್ನ?"

ಚಾಕು ಇನ್ನೂ ಎಲ್ಡನ್ ಕೈಯಲ್ಲೇ ಇತ್ತು. ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ನಾನೇ ಮೇಡಂ."

"ಇಲ್ಲಿ ಅಕ್ಷರ ಇತ್ತಲ್ಲ, ಎಲ್ಲಿ?"

"ಯಾವ ಅಕ್ಷರ ಮೇಡಂ?"

"'ಹುಲ್ಡಾ ಹೇಸರಗತ್ತೆ'" ಎಂದರು ಮೇಡಂ, ಇಡೀ ಅಂಗಳಕ್ಕೆ ಕೇಳುವಂತೆ.

ಸೂಪಿನ ತಪ್ಪಲೆ ಹೊತ್ತು ಬರುತ್ತಿದ್ದ ಡಾರ್ಲೀನ್ ಇದ್ದಲ್ಲೇ ನಿಂತಳು. ವರ್ನ್ ಟೋಪಿಯನ್ನು ಮುಖಕ್ಕೆ ಹಿಡಿದುಕೊಂಡ. ಎಲ್ಡನ್ ಬೆನ್ನ ಹಿಂದಿನ ಚಾಕುವನ್ನು ಮೇಜಿನ ಮೇಲಿಟ್ಟ.

"ಮೇಡಂ... ಅದು ಮಕ್ಕಳದ್ದಲ್ಲ. ಮಕ್ಕಳಿಗೆ ಗೊತ್ತೇ ಇಲ್ಲ. ನಾನು, ಜುಲೈಯಲ್ಲಿ, ಸೆಕೆ ಇತ್ತು... ತರಗತಿ ಮುಚ್ಚಬೇಡಿ ಮೇಡಂ. ನನ್ನನ್ನ ಬೇಕಾದ್ರೆ ಕಳಿಸಿಬಿಡಿ."

"ನೀವು ಅಂತ ಗೊತ್ತು ಮೇಷ್ಟ್ರೇ. ನನ್ನ ಅಡುಗೆಮನೆ ಕಿಟಕಿಯಿಂದ ನೋಡ್ತಾ ಇದ್ದೆ. ಬೇಲಿ ಹತ್ರ ಮಂಡಿಯೂರಿ ಕೂತಿದಾರಲ್ಲ, ಪಾಪ, ಪ್ರಾರ್ಥನೆ ಮಾಡ್ತಿದಾರೇನೋ ಅಂದ್ಕೊಂಡೆ. ನೀವು ಹೋದ್ಮೇಲೆ ಬಂದು ಓದಿದೆ." ಮೇಡಂ ಸ್ಕಾರ್ಫಿನ ಗಂಟು ಸಡಿಲಿಸಿದರು. "ಸಿಟ್ಟು ಬಂತು. ಕಿತ್ತು ಬಿಸಾಕೋಣ ಅಂತ ಕೈ ಹಾಕಿದ್ದೂ ಆಯ್ತು. ಆಮೇಲೆ ಅನ್ನಿಸ್ತು, ಈ ಮನುಷ್ಯ ಮೂರು ವರ್ಷದಿಂದ 'ಹೌದು ಮೇಡಂ, ಥ್ಯಾಂಕ್ಸ್ ಮೇಡಂ' ಬಿಟ್ಟು ಇನ್ನೊಂದು ಮಾತಾಡಿಲ್ಲ. ಇವತ್ತು ಮೊದಲನೇ ಸಲ ಮನಸ್ಸಲ್ಲಿ ಇದ್ದದ್ದು ಹೇಳಿದಾನೆ. ಇದು ಉದುರಿಹೋಗಬಾರದು ಅಂತ."

ಎಲ್ಡನ್‌ಗೆ ಏನೂ ತಿಳಿಯಲಿಲ್ಲ. "ಅಂದ್ರೆ...?"

"ಅಂದ್ರೆ ಏನು ಅಂದ್ರೆ? ಇದು ತಾನಾಗೇ ಇಷ್ಟು ದಪ್ಪ ಆಯ್ತು ಅಂದ್ಕೊಂಡ್ರಾ? ಕೃಷಿ ಮೇಷ್ಟ್ರಂತೆ! ಬಳ್ಳಿ ತುದಿನ ಬೇಲಿ ಕೆಳಗಿಂದ ನನ್ನ ಕಡೆ ಎಳ್ಕೊಂಡು ಬೇರು ಬಿಡಿಸಿದೆ. ಮೀನು ತೊಳೆದ ನೀರು ಹಾಕಿದೆ. ಬೇರೆ ಹೂವೆಲ್ಲ ಚಿವುಟಿ ಹಾಕಿದೆ. ದಿನಾ ಬೆಳಿಗ್ಗೆ ಕಾಫಿ ಕುಡೀತಾ ಬೇಲಿ ಮೇಲಿಂದ ಬಗ್ಗಿ, ಎಲೆ ಸರಿಸಿ, ನನ್ನನ್ನ ಬೈದಿರೋದು ಎಷ್ಟು ದೊಡ್ಡದಾಯ್ತು ಅಂತ ಓದ್ಕೋತಿದ್ದೆ. ಮಗೂನ ಎತ್ತರ ಅಳೆದ ಹಂಗೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಕೈ ಎತ್ತಿದರು. ಅವರು ಹೇಳುವುದು ಇನ್ನೂ ಮುಗಿದಿರಲಿಲ್ಲ.

"ಆಗಸ್ಟಲ್ಲಿ ಹೋಗಿ ಶಾಲೆ ಹೆಸರಲ್ಲಿ ಜಿಲ್ಲೆಯ ತೂಕದ ಸ್ಪರ್ಧೆಗೆ ಇದನ್ನ ಸೇರಿಸಿ ಬಂದೆ. ಒಯ್ಯೋಕೆ ಅಂತ ನನ್ನ ತಮ್ಮನ ಟ್ರಕ್ಕು ತಂದಿದೀನಿ. ಬೇರೆ ಶಾಲೆಯವರ ಕಾಯೆಲ್ಲ ನೋಡ್ಕೊಂಡು ಬಂದಿದೀನಿ, ಇದರ ಅರ್ಧ ಇಲ್ಲ ಒಂದೂ. ಈ ವರ್ಷ ಗೆದ್ದ ಶಾಲೆಗೆ ಏನು ಬಹುಮಾನ ಗೊತ್ತಾ ಮೇಷ್ಟ್ರೇ?"

ಗೊತ್ತಿತ್ತು. ಜಿಲ್ಲೆಯ ಕೃಷಿ ಮೇಷ್ಟ್ರುಗಳೆಲ್ಲ ಬೇಸಿಗೆಯಿಡೀ ಅದೇ ಮಾತಾಡಿದ್ದರು. ಗೆದ್ದ ಶಾಲೆಗೆ ಹೊಚ್ಚ ಹೊಸ ಹಸಿರುಮನೆ. ಸೇರಿಸಲು ತನ್ನ ಬಳಿ ಕಾಯೇ ಇಲ್ಲವೆಂದು ಎಲ್ಡನ್ ಆ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದ. ಇನ್ನೊಂದೂ ಅವನಿಗೆ ಗೊತ್ತಿತ್ತು. ಆ ಸ್ಪರ್ಧೆಯಲ್ಲಿ ತೂತಿರುವ ಕಾಯಿಯನ್ನು ತಕ್ಕಡಿಯ ಹತ್ತಿರಕ್ಕೂ ಬಿಡುವುದಿಲ್ಲ.

ಅವನು ಕುಂಬಳದ ಕಡೆ ತಿರುಗಿದ. ಎರಡು ಕಣ್ಣು. ನಾಲ್ಕು ಹಲ್ಲು. ನಡುವೆ ಗಸ್ ತಲೆ ಹಾಕಿದರೂ ಹಿಡಿಸುವಂಥ ಬಾಯಿ.

"ಒಳಕ್ಕೆ ಕಾಗದ ತುರುಕಿ ಹೊಲಿದ್ರೆ..." ಎಂದಳು ಡಾರ್ಲೀನ್.

"ನೀನು ಸುಮ್ನಿರು!" ಎಂದರು ವರ್ನ್, ಎಲ್ಡನ್, ಮೇಡಂ ಮೂವರೂ ಒಟ್ಟಿಗೆ.

ಟೆಸ್ಸಾ ಮೆಲ್ಲಗೆ ಮುಂದೆ ಬಂದಳು. "ಮೇಡಂ, ತರಗತಿ...?"

ಹುಲ್ಡಾ ಮೇಡಂ ಅವಳನ್ನು ನೋಡಿದರು, ಆಮೇಲೆ ಮೂಗು ಊದಿಸಿಕೊಂಡು ನಿಂತ ಮೇಷ್ಟ್ರನ್ನು ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಎಲ್ಡನ್ ಹೆದರಿದ. ಅಳುವಲ್ಲ ಅದು. ನಗು, ಕೆಂಪು ಕೋಟಿನ ಒಳಗೆಲ್ಲೋ ಹುಟ್ಟಿ ಮೇಲಕ್ಕೆ ಬರುತ್ತಿತ್ತು. ಬಂತು, ಬಂದಮೇಲೆ ನಿಲ್ಲಲಿಲ್ಲ. ಅವರು ಕುಂಬಳದ ತಲೆಯ ಮೇಲೆ ಕೈಯೂರಿ, ಕಣ್ಣೊರೆಸಿಕೊಂಡು ನಕ್ಕರು. ಅವರನ್ನು ನೋಡಿ ಮಕ್ಕಳು ನಕ್ಕರು, ಮಕ್ಕಳನ್ನು ನೋಡಿ ಅಂಗಳವೇ ನಕ್ಕಿತು.

"ತರಗತಿ ಇರುತ್ತೆ ಮಗೂ. ನನ್ನ ವೋಟು ನಾನು ಆಗಸ್ಟಲ್ಲೇ ಹಾಕಿದೀನಿ ಮನಸ್ಸಲ್ಲಿ. ಇರಲೇಬೇಕು. ಇನ್ನೊಂದು ವರ್ಷ ಬೇಕಲ್ಲ ಹೊಸ ಕಾಯಿ ಬೆಳೆಸೋಕೆ? ಹಸಿರುಮನೆ ಮಾತ್ರ ನಿಮ್ಮ ಮೇಷ್ಟ್ರು ಕೊಯ್ದು ಹಾಕಿದ್ರು."

"ಸೂಪಿಗೆ" ಎಂದ ವರ್ನ್.

ಡಾರ್ಲೀನ್ ಒಂದು ಬಟ್ಟಲು ತುಂಬಿ ಮೇಡಂ ಕೈಗೆ ಕೊಟ್ಟಳು. ಮೇಡಂ ಕುಡಿದು ಚಪ್ಪರಿಸಿದರು. "ನಾನು ಇಷ್ಟು ಸಿಹಿ ಅಂತ ಗೊತ್ತೇ ಇರಲಿಲ್ಲ."

ಎಲ್ಡನ್ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತ. ಮುಗಿಯಿತು, ಇನ್ನೇನೂ ಆಗಲಾರದು ಎಂದು ಉಸಿರು ಬಿಟ್ಟ. ಕಣ್ಣೆತ್ತಿ ನೋಡಿದರೆ ಎದುರಿಗೆ ವರ್ನ್ ನಿಂತಿದ್ದ.

"ಮೇಷ್ಟ್ರೇ, ಮುಂದಿನ ವರ್ಷಕ್ಕೆ ನನಗೊಂದು ಕಾಯಿ ಹಿಡಿದಿಡು. ನನ್ನ ಭಾವಮೈದ ಸ್ಟೆಲನ್‌ಗೆ ಕೊಡೋಕೆ. 'ಸ್ಟೆಲನ್ ಸೋಮಾರಿ' ಅಂತ ಇರ್ಲಿ. ದೈತ್ಯ ಜಾತೀದೇ ಆಗ್ಬೇಕು."

"ನನಗೂ ಒಂದು" ಎಂದಳು ಡಾರ್ಲೀನ್. "ವರ್ನ್ ಅಂತ ಬರಿ. ಮುಂದಿನ ಪದ ಆಮೇಲೆ ಹೇಳ್ತೀನಿ. ನಾಲ್ಕೈದು ಇದೆ ಮನಸ್ಸಲ್ಲಿ, ಆರಿಸ್ಬೇಕು."

ಅವರ ಹಿಂದೆ ಅಂಚೆ ಕಚೇರಿಯ ಹೆಂಗಸು, ಅವಳ ಹಿಂದೆ ಅವಳ ಗಂಡ, ಇಬ್ಬರೂ ಒಬ್ಬರಿಗೊಬ್ಬರು ಕೇಳಿಸದಂತೆ ಪಿಸುಗುಡಲು ಕಾಯುತ್ತಿದ್ದರು. ಅವರ ಹಿಂದೆ ಪಾದ್ರಿಗಳು. ಸಾಲು ಗೇಟು ದಾಟಿ ರಸ್ತೆಗೆ ಹೋಗಿತ್ತು. ಕುಂಬಳ ಕೊಳ್ಳುವ ಸಾಲು ಇದರ ಕಾಲು ಭಾಗವೂ ಇರಲಿಲ್ಲ. ಟೆಸ್ಸಾ ಆಗಲೇ ಓಡಾಡುತ್ತ, "ಒಬ್ಬರಿಗೆ ಒಂದೇ ಬೈಗುಳ! ಒಬ್ಬರಿಗೆ ಒಂದೇ! ಎಲ್ಲಾನೂ ಮೇಷ್ಟ್ರೇ ಕೈಯಾರೆ ಬರೀತಾರೆ!" ಎಂದು ಕೂಗುತ್ತಿದ್ದಳು.

ಒಂದೇ ಒಂದು ಬೈಗುಳಕ್ಕೆ ಇಷ್ಟು ಬೆವತವನು ಸಾಲನ್ನು ನೋಡಿ, ಊದಿದ ಮೂಗನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಯಾರೋ ಭುಜ ತಟ್ಟಿದರು. ಹುಲ್ಡಾ ಮೇಡಂ.

"ನಾನು ಸಾಲಲ್ಲಿ ನಿಲ್ಲಲ್ಲ. ನನಗೂ ಒಂದು, ನನ್ನ ಬೇಲಿ ಹತ್ರಾನೇ. ನಿಮ್ಮ ಹೆಸರು ಬರೀರಿ."

ಎಲ್ಡನ್ ಎದ್ದು ನಿಂತು, ಅಭ್ಯಾಸಬಲದಿಂದ, "ಹೌದು ಮೇಡಂ. ಏನಂತ ಬರೀಲಿ ಮೇಡಂ? ಹೇಸರಗತ್ತೆ ಅಂತಲೇ?" ಎಂದ.

"ಹೇಸರಗತ್ತೆ ನನ್ನ ಬಿರುದು, ಅದನ್ನ ಮುಟ್ಬೇಡಿ" ಎಂದರು ಮೇಡಂ, ಬಟ್ಟಲಲ್ಲಿ ಉಳಿದಿದ್ದ ಸೂಪನ್ನು ಬೆರಳಲ್ಲಿ ಬಳಿಯುತ್ತ. "ನಿಮಗೆ ಬರೀ ಕತ್ತೆ ಸಾಕು. ಬರೆದು ನೀವು ಮನೆಗೆ ಹೋಗಿ, ನೀರು ನಾನು ಹಾಕ್ತೀನಿ."